ಹಾರ್ಡ್ ಡಿಸ್ಕ್ ಮುನಿಸಿಕೊಂಡಾಗ...

ಲ್ಯಾಪ್‌ಟಾಪ್ ಈಗ ಮಿಕ್ಸಿ, ಫ್ರಿಜ್‌ಗಳ ಹಾಗೆ ಮನೆಯ ಸಾಮಾನೇ ಆಗಿದೆ. ಮೊಮ್ಮಕ್ಕಳ ಶಾಲೆಯ ಪ್ರಾಜೆಕ್ಟು, ಅಜ್ಜ-ಅಜ್ಜಿಯರ ಪಿಂಚಣಿ ಕಾಗದ, ಮದುವೆ-ಮುಂಜಿಯ ಫೋಟೋ ಎಲ್ಲವೂ ಅದರೊಳಗೆ ಇರುತ್ತವೆ. ಇಲ್ಲವೇ ಅದಕ್ಕೆ ಸಿಕ್ಕಿಸುವ ಅಂಗೈಯಗಲದ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತವೆ. ಮಿಕ್ಸಿ ಕೆಟ್ಟರೆ ಒಂದು ದಿನ ಚಟ್ನಿ ಇಲ್ಲ, ಅಷ್ಟೇ. ಹಾರ್ಡ್ ಡಿಸ್ಕ್ ಕೆಟ್ಟರೆ ಇಪ್ಪತ್ತು ವರ್ಷದ ಫೋಟೋಗಳೇ ಇಲ್ಲವಾಗಬಹುದು. ಆದ್ದರಿಂದ ಅದು ಮುನಿಸಿಕೊಂಡಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ಮನೆಯ ಹಿರಿಯರಿಗೂ ಕಿರಿಯರಿಗೂ ತಿಳಿದಿರಬೇಕು.

ಲೆಡ್ಜರ್ ಕಲಿಸಿದ ಪಾಠ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದದ್ದು ದಪ್ಪ ಲೆಡ್ಜರ್‌ಗಳ ಕಾಲದಲ್ಲಿ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಗಾಬರಿಯಿಂದ ಎಲ್ಲ ಪುಟ ತಿರುವಿ ಹಾಕುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು 9ರಿಂದ ಶೇಷವಿಲ್ಲದೆ ಭಾಗವಾದರೆ, ಎಲ್ಲೋ ಅಂಕಿಗಳು ಹಿಂದುಮುಂದಾಗಿರಬಹುದು ಎಂದು ಊಹೆ. 83 ಎಂದು ಬರೆಯುವಲ್ಲಿ 38 ಎಂದು ಬರೆದರೆ ವ್ಯತ್ಯಾಸ 45, ಅಂದರೆ ಐದೊಂಬತ್ತಲೆ! ಮಕ್ಕಳೇ, ಬೇರೆ ಎರಡಂಕಿಯ ಸಂಖ್ಯೆಗಳನ್ನು ತಿರುಗಿಸಿ ಕಳೆದು ನೋಡಿ, ಉತ್ತರ ಯಾವಾಗಲೂ 9ರ ಮಗ್ಗಿಯಲ್ಲೇ ಬರುತ್ತದೆ.

ಯಂತ್ರದ ತೊಂದರೆಯೂ ಹೀಗೆಯೇ ತನ್ನ ಸುಳಿವನ್ನು ತಾನೇ ಕೊಡುತ್ತದೆ. ಅದಕ್ಕೆ ಮೂರು ನಿಯಮ ಸಾಕು. ಪರದೆಯ ಮೇಲೆ ಬಂದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊರಗಿನಿಂದ ಒಳಗೆ ಹುಡುಕಿ, ಅಂದರೆ ಮೊದಲು ಪ್ಲಗ್ಗು, ಆಮೇಲೆ ವೈರು, ಕೊನೆಗೆ ಯಂತ್ರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ.

ಲ್ಯಾಪ್‌ಟಾಪ್ ಏಳದಿದ್ದರೆ

ಗುಂಡಿ ಒತ್ತಿದರೂ ಪರದೆ ಕಪ್ಪಾಗಿಯೇ ಇದೆಯೇ? ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇದೆಯೇ ಎಂದು ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅದು ಸರಿಯಿದ್ದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿರುವ ಚಾರ್ಜರ್, ಮೌಸ್, ಪೆನ್ ಡ್ರೈವ್ ಎಲ್ಲವನ್ನೂ ತೆಗೆಯಿರಿ. ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಒಳಗೆ ಉಳಿದಿದ್ದ ವಿದ್ಯುತ್ ಇಳಿದುಹೋಗುತ್ತದೆ. ಈಗ ಚಾರ್ಜರ್ ಒಂದನ್ನೇ ಹಾಕಿ ಮತ್ತೆ ಗುಂಡಿ ಒತ್ತಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ.

ನಿಧಾನವಾಗಿದ್ದರೆ 'ಶಟ್ ಡೌನ್' ಬದಲು 'ರೀಸ್ಟಾರ್ಟ್' ಕೊಡಿ. ವಿಂಡೋಸ್ 10 ಮತ್ತು 11ರಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಅದು ಇದ್ದಾಗ ಶಟ್ ಡೌನ್ ಮಾಡಿದರೂ ಯಂತ್ರ ತನ್ನ ಹಿಂದಿನ ಸ್ಥಿತಿಯನ್ನು ಸ್ವಲ್ಪ ಉಳಿಸಿಕೊಂಡೇ ಮಲಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಹೊಸದಾಗಿ ಏಳುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸುವ ಅಭ್ಯಾಸವನ್ನೂ ಬಿಡಿ. ಅಡಿಯಲ್ಲಿರುವ ಗಾಳಿಯ ಕಿಂಡಿ ಮುಚ್ಚಿದರೆ ಬಿಸಿ ಏರಿ, ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೀಬೋರ್ಡಿನ ಮುಂದಿನ ಭಾಗ ಉಬ್ಬಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಬಂದ್ ಮಾಡಿ ನೇರವಾಗಿ ರಿಪೇರಿಯವರ ಹತ್ತಿರ ಒಯ್ಯಿರಿ. ಕಾಫಿ ಚೆಲ್ಲಿದಾಗಲೂ ಅಷ್ಟೇ. ತಕ್ಷಣ ಪವರ್ ಗುಂಡಿ ಒತ್ತಿ ಹಿಡಿದು ಬಂದ್ ಮಾಡಿ, ಚಾರ್ಜರ್ ಕಿತ್ತು, ತೆರೆದ ಪುಸ್ತಕದಂತೆ ಬೋರಲು ಹಾಕಿ. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣವೆಂದು ಮತ್ತೆ ಆನ್ ಮಾಡಬೇಡಿ.

ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ

ಹಾರ್ಡ್ ಡಿಸ್ಕ್ ಸಿಕ್ಕಿಸಿದರೂ ಲ್ಯಾಪ್‌ಟಾಪ್ ಗುರುತು ಹಿಡಿಯದಿದ್ದರೆ ಮೊದಲ ಅನುಮಾನ ಅದರ ಪುಟ್ಟ ವೈರಿನ ಮೇಲಿರಲಿ. ಮಡಚಿ ಮಡಚಿ ಒಳಗಿನ ತಂತಿ ಸಡಿಲವಾಗಿರುತ್ತದೆ. ಅದೇ ಬಗೆಯ ಬೇರೆ ವೈರು ಹಾಕಿ ನೋಡಿ. ಎರಡನೆಯದು ಯುಎಸ್‌ಬಿ ಕಿಂಡಿ. ಅಂಗೈಯಗಲದ ಡಿಸ್ಕ್‌ಗೆ ಬೇರೆ ಕರೆಂಟ್ ಇಲ್ಲ, ಆ ಕಿಂಡಿಯಿಂದಲೇ ಅದರ ಊಟ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕಿಂಡಿಯದು 900. ಈ ಎರಡನೆಯದರ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತದೆ. ಒಂದೇ ಕಿಂಡಿಯನ್ನು ನಾಲ್ಕು ಮಾಡುವ ಹಬ್ಬಿಗೆ ಸಿಕ್ಕಿಸಿದ್ದರೆ ಡಿಸ್ಕ್ ಅರೆಹೊಟ್ಟೆಯಲ್ಲಿ ಇದ್ದ ಹಾಗೆ. ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿ.

ಆಗಲೂ ಕಾಣದಿದ್ದರೆ ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಅಲ್ಲಿ ಡಿಸ್ಕ್ ಇದ್ದು, ಡಿ, ಇ ಎಂಬಂಥ ಅಕ್ಷರ ಮಾತ್ರ ಇಲ್ಲದಿದ್ದರೆ, ಅದರ ಮೇಲೆ ಬಲ ಕ್ಲಿಕ್ ಮಾಡಿ ಒಂದು ಅಕ್ಷರ ಕೊಟ್ಟರೆ ಸಾಕು. ಮನೆಗೆ ನಂಬರ್ ಹಾಕಿದ ಮೇಲೆ ಅಂಚೆಯವರು ಹುಡುಕಿಕೊಂಡು ಬರುವ ಹಾಗೆ, ವಿಂಡೋಸ್ ಅದನ್ನು ತೋರಿಸುತ್ತದೆ. 'ಇನಿಷಿಯಲೈಸ್' ಮಾಡಲೇ ಎಂದು ಕೇಳಿದರೆ ಮಾತ್ರ ಬೇಡ ಎನ್ನಿ.

'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಡಿಸ್ಕ್ ಸಿಕ್ಕಿಸಿದಾಗ 'ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರಬಹುದು. ಯಂತ್ರಕ್ಕೆ ಡಿಸ್ಕ್‌ನ ಬರಹ ಓದಲಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಒಳಗಿರುವುದು ಹೋಗಿದೆ ಎಂದಲ್ಲ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ.

ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಹೀಗೇ ಆಯಿತು. ತೀರಿಕೊಂಡ ಅವರ ಪತ್ನಿ ಹಾಡಿದ್ದ ಹಸೆ ಹಾಡು, ಆರತಿ ಹಾಡುಗಳ ರೆಕಾರ್ಡಿಂಗ್ ಇದ್ದದ್ದು ಒಂದೇ ಡಿಸ್ಕ್‌ನಲ್ಲಿ. ನಾನು ಹೋದಾಗ ಮೊಮ್ಮಗ ಮೌಸ್ ಹಿಡಿದು ಕೂತಿದ್ದ.

"ತಾತ, ಫಾರ್ಮ್ಯಾಟ್ ಕೊಟ್ಟರೆ ಸರಿಹೋಗುತ್ತೆ ಅಂತ ಅದೇ ಹೇಳ್ತಿದೆ. ಕೊಡ್ಲಾ?"

"ನಂಗೇನು ಗೊತ್ತಪ್ಪ, ಸಾರ್‌ನ ಕೇಳು" ಎಂದರು ಅವರು.

"ತಡಿ ಮರಿ, ಕ್ಯಾನ್ಸಲ್ ಒತ್ತು" ಎಂದೆ. ಡಿಸ್ಕ್ ತೆಗೆದು, ನನ್ನ ಮನೆಯಿಂದ ಬೇರೆ ವೈರು ತಂದು, ಇನ್ನೊಂದು ಬದಿಯ ಕಿಂಡಿಗೆ ಹಾಕಿಸಿದೆ. ಎಲ್ಲ ಫೋಲ್ಡರ್‌ಗಳೂ ತೆರೆದುಕೊಂಡವು. ಆ ಮನುಷ್ಯ ಮಾತಾಡಲಿಲ್ಲ. ಒಂದು ಹಾಡು ಹಾಕು ಎಂದು ಮೊಮ್ಮಗನಿಗೆ ಕೈಸನ್ನೆ ಮಾಡಿದರು. ಹಾಡು ಕೇಳುವ ಮೊದಲು ಅದನ್ನೆಲ್ಲ ಲ್ಯಾಪ್‌ಟಾಪಿಗೆ ನಕಲು ಮಾಡಿಬಿಡೋಣ ಎಂದೆ. ಹಾಗೇ ಮಾಡಿದೆವು.

ಕ್ರಮ ಇದೇ. ಡಿಸ್ಕ್ ತೆರೆದುಕೊಂಡರೆ ಮೊದಲು ನಕಲು, ಆಮೇಲೆ ರಿಪೇರಿ. ನಕಲು ಮುಗಿದ ಮೇಲೆ ಡಿಸ್ಕ್‌ನ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್' ಎಂದು ಹೋದರೆ ವಿಂಡೋಸ್ ತಾನೇ ತಪ್ಪು ಹುಡುಕಿ ತಿದ್ದುತ್ತದೆ. ಮುಂದೆ ಡಿಸ್ಕ್ ತೆಗೆಯುವಾಗ ಪ್ರತಿಸಲವೂ 'ಇಜೆಕ್ಟ್' ಕೊಟ್ಟೇ ತೆಗೆಯಿರಿ. ಬರೆಯುವ ಕೆಲಸ ಮುಗಿಯುವ ಮುಂಚೆ ಕಿತ್ತರೆ, ಗುಮಾಸ್ತ ಬರೆಯುತ್ತಿರುವಾಗಲೇ ಲೆಡ್ಜರ್ ಎಳೆದುಕೊಂಡಂತಾಗುತ್ತದೆ.

ಟಿಕ್ ಟಿಕ್ ಸದ್ದು ಬಂದರೆ

ಮಕ್ಕಳೇ, ಹಾರ್ಡ್ ಡಿಸ್ಕ್ ಒಳಗೆ ಹೊಳೆಯುವ ತಟ್ಟೆಗಳಿವೆ. ನಿಮಿಷಕ್ಕೆ 5400 ಸುತ್ತು ಸುತ್ತುವ ಡಿಸ್ಕ್‌ನಲ್ಲಿ ತಟ್ಟೆ ಸೆಕೆಂಡಿಗೆ 90 ಸಲ ತಿರುಗುತ್ತದೆ. ಅದರ ಮೇಲೆ ಓದುವ ತಲೆಯೊಂದು ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ತಿರುಗುವಾಗ ಬಿದ್ದರೆ ತಲೆ ತಟ್ಟೆಗೆ ಬಡಿದು ಗೀರು ಬೀಳಬಹುದು. ಸಿಕ್ಕಿಸಿದ ಡಿಸ್ಕನ್ನು ಅಲುಗಾಡಿಸಬೇಡಿ ಎನ್ನುವುದು ಇದಕ್ಕೇ.

ಒಂದೇ ತಾಳದಲ್ಲಿ ಟಿಕ್ ಟಿಕ್ ಎಂದು ಸದ್ದು ಬಂದರೆ ಅದು ವೈರಿನ ತೊಂದರೆ ಇರಲಾರದು. ಕರೆಂಟ್ ಸಾಲದೆಯೂ ಒಮ್ಮೊಮ್ಮೆ ಹಾಗಾಗುವುದುಂಟು. ಬೇರೆ ಕಿಂಡಿಯಲ್ಲಿ ಒಂದೇ ಒಂದು ಸಲ ನೋಡಿ. ಸದ್ದು ನಿಲ್ಲದಿದ್ದರೆ ತೆಗೆದಿಟ್ಟುಬಿಡಿ. ಪ್ರತಿ ಪ್ರಯತ್ನಕ್ಕೂ ಗೀರು ಹೆಚ್ಚಬಹುದು. ಮನೆಯಲ್ಲಿ ಬಿಚ್ಚಿದರೆ ಧೂಳಿನ ಕಣವೊಂದೇ ಸಾಕು ಅದನ್ನು ಕೆಡಿಸಲು. ಒಳಗಿರುವುದು ಬೆಲೆಬಾಳುವಂಥದ್ದಾದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ. ಹೊಸ ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ತಿರುಗುವ ಭಾಗವಿಲ್ಲ, ಬಿದ್ದರೂ ಅಷ್ಟಾಗಿ ಪೆಟ್ಟಾಗುವುದಿಲ್ಲ. ಆದರೆ ಕೆಡುವಾಗ ಸದ್ದನ್ನೂ ಮಾಡದೆ ಕೆಟ್ಟುಹೋಗಬಹುದು.

ಕೆಟ್ಟಿಲ್ಲದ ತೊಂದರೆಗಳು

ಕೆಲವು ತೊಂದರೆ ತೊಂದರೆಯೇ ಅಲ್ಲ. 1 ಟಿಬಿ ಡಿಸ್ಕ್ ಕೊಂಡರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವರ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಪೆನ್ ಡ್ರೈವ್‌ನಲ್ಲಿ ಜಾಗವಿದ್ದರೂ ದೊಡ್ಡ ಮದುವೆ ವಿಡಿಯೋ ಹಾಕಲು ಬರುತ್ತಿಲ್ಲವೇ? ಅದು ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಫೈಲನ್ನು ಒಪ್ಪುವುದಿಲ್ಲ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿ ತಂದ ಪೆನ್ ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿದ್ದರೆ ಅದು ವೈರಸ್‌ನ ಕೆಲಸ. ಅವುಗಳ ಮೇಲೆ ಒತ್ತಬೇಡಿ. ಫೈಲುಗಳು ಸಾಮಾನ್ಯವಾಗಿ ಮರೆಯಲ್ಲಿ ಅಡಗಿರುತ್ತವೆ. ಮೊದಲು ಆಂಟಿವೈರಸ್‌ನಿಂದ ಪರೀಕ್ಷಿಸಿ, ಬಳಿಕ 'ವ್ಯೂ' ಪಟ್ಟಿಯಲ್ಲಿ 'ಹಿಡನ್ ಐಟಮ್ಸ್' ಆರಿಸಿ ನೋಡಿ. ಇನ್ನೊಂದು ಮಾತು, ಪೆನ್ ಡ್ರೈವ್‌ನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅಳಿಸುವ ಮುನ್ನ ಎರಡು ಸಲ ನೋಡಿ.

ಮೂರು ಕಡೆ ಇಡಿ

1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮ್ಯಾಕ್ ಎಂಬ ಯಂತ್ರದ ಡಿಸ್ಕ್‌ನಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ಇಂದಿನ ಮೊಬೈಲಿನ ಒಂದೆರಡು ಫೋಟೋಗೆ ಅದು ತುಂಬಿಹೋಗುತ್ತಿತ್ತು. ಈಗ ಲಕ್ಷಗಟ್ಟಲೆ ಫೋಟೋ ಜೇಬಿನಲ್ಲಿ ಹಿಡಿಸುತ್ತವೆ. ಆದರೆ ಜೇಬಿನಲ್ಲಿ ಹಿಡಿಸುವುದು ಜೇಬಿನಿಂದ ಜಾರಲೂಬಹುದು.

ಆದ್ದರಿಂದ ಬೇಕಾದದ್ದರ ಮೂರು ಪ್ರತಿ ಇಡಿ. ಅವು ಎರಡು ಬಗೆಯ ಜಾಗದಲ್ಲಿರಲಿ, ಉದಾಹರಣೆಗೆ ಒಂದು ಲ್ಯಾಪ್‌ಟಾಪ್, ಒಂದು ಹೊರಗಿನ ಡಿಸ್ಕ್. ಒಂದು ಪ್ರತಿ ಮಾತ್ರ ಬೇರೆ ಮನೆಯಲ್ಲಿರಲಿ, ಮಗಳ ಮನೆಯ ಬೀರುವಿನಲ್ಲೋ ಇಂಟರ್ನೆಟ್‌ನ ಕ್ಲೌಡ್‌ನಲ್ಲೋ. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈ ಇಬ್ಬರ ಬಳಿ ಇರುತ್ತಿದ್ದವಲ್ಲ, ಅದೇ ವಿವೇಕ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಎಲ್ಲವನ್ನೂ ಡಿಸ್ಕ್‌ಗೆ ಸಾಗಿಸಿ ಇಲ್ಲಿ ಅಳಿಸಿದರೆ ಅದು ನಕಲಲ್ಲ. ಇದ್ದ ಒಂದೇ ಪ್ರತಿ ಮನೆ ಬದಲಿಸಿದೆ, ಅಷ್ಟೇ.

ಮಾರ್ಚ್ 31 ನಮ್ಮ ಹಣಕಾಸು ವರ್ಷದ ಕೊನೆಯ ದಿನ. ಅದೇ ದಿನವನ್ನು 2011ರಿಂದ ವಿಶ್ವ ಬ್ಯಾಕಪ್ ದಿನವೆಂದೂ ಆಚರಿಸುತ್ತಾರೆ. ಅಲ್ಲಿಯವರೆಗೆ ಕಾಯಬೇಡಿ. ಈ ಭಾನುವಾರ ಅಜ್ಜ-ಅಜ್ಜಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳಲಿ, ಮೊಮ್ಮಕ್ಕಳು ನಕಲು ಮಾಡಲಿ. ಫೋಟೋದಲ್ಲಿರುವವರು ಯಾರು, ಎಲ್ಲಿಯದು, ಯಾವ ವರ್ಷದ್ದು ಎಂದು ಫೋಲ್ಡರ್‌ಗೆ ಹೆಸರೂ ಬರೆದುಬಿಡಿ. ಅದನ್ನು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಆಗಬೇಕಾದ ಕೆಲಸ ಅದು.