ಚೆರ್ರಿ ಮರ ಕಡಿಯದ ಜಾರ್ಜ್ ವಾಷಿಂಗ್ಟನ್

ಅಪ್ಪನ ಚೆರ್ರಿ ಮರಕ್ಕೆ ಕೊಡಲಿ ಹಾಕಿದ ಹುಡುಗ, ಕೇಳಿದಾಗ ಹೆದರದೆ ನಿಜ ಒಪ್ಪಿಕೊಂಡ. ಮಕ್ಕಳ ನೀತಿಕಥೆಗಳಲ್ಲಿ ಅಮೆರಿಕದ ಮೊದಲ ಅಧ್ಯಕ್ಷರೆಂದರೆ ಈ ಹುಡುಗನೇ. ಆದರೆ ಈ ಪ್ರಸಂಗಕ್ಕೆ ಆಧಾರವಿಲ್ಲ. ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್ 14ರಂದು. ಮರುವರ್ಷವೇ ಅವರ ಜೀವನಚರಿತ್ರೆ ಹೊರತಂದ ಮೇಸನ್ ಲಾಕ್ ವೀಮ್ಸ್, ಊರೂರು ಅಲೆದು ಪುಸ್ತಕ ಮಾರುತ್ತಿದ್ದ ಪಾದ್ರಿ. ಮೊದಲ ಮುದ್ರಣಗಳಲ್ಲಿ ಚೆರ್ರಿ ಮರದ ಸುಳಿವೇ ಇಲ್ಲ. 1806ರ ಐದನೆಯ ಆವೃತ್ತಿಯಲ್ಲಿ ಅದು ಬಂತು. ಅಪ್ಪ ಅಗಸ್ಟೀನ್ ಸತ್ತಾಗ ಜಾರ್ಜ್‌ಗೆ 11 ವರ್ಷ. ಆಗ ಅವರ ಪಾಲಿಗೆ ಬಂದ ಆಸ್ತಿಯಲ್ಲಿ 10 ಮಂದಿ ಗುಲಾಮರೂ ಸೇರಿದ್ದರು. ವಾಷಿಂಗ್ಟನ್ನರ ಬಾಲ್ಯದ ಬಗ್ಗೆ ಮಕ್ಕಳಿಗೆ ಹೇಳಬೇಕಾದದ್ದು ಇದನ್ನು.

ಸುಳ್ಳೇ ಆಡದವರು ಎಂಬ ಹೆಸರೂ ನಿಲ್ಲುವುದಿಲ್ಲ. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನಾಪತಿಯಾಗಿ ಅವರು ಗೂಢಚಾರರನ್ನು ಸಾಕಿದರು. 1781ರಲ್ಲಿ ನ್ಯೂಯಾರ್ಕ್ ಮೇಲೆ ದಾಳಿ ಮಾಡುವಂತೆ ನಟಿಸಿ, ಸದ್ದಿಲ್ಲದೆ ಯಾರ್ಕ್‌ಟೌನಿಗೆ ಸೇನೆ ನಡೆಸಿದರು. ಅಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು. ಯಾರ್ಕ್‌ಟೌನಿನ ಗೆಲುವು ವಾಷಿಂಗ್ಟನ್ ಒಬ್ಬರದೇ ಎನ್ನುವುದೂ ಸರಿಯಲ್ಲ; ಫ್ರೆಂಚರ ನೌಕಾಪಡೆ ಕಡಲ ದಾರಿ ಕಟ್ಟಿಹಾಕದಿದ್ದರೆ ಕಾರ್ನ್‌ವಾಲಿಸ್ ತಪ್ಪಿಸಿಕೊಳ್ಳುತ್ತಿದ್ದ.

ಇನ್ನೆರಡು ತಪ್ಪು ನಂಬಿಕೆಗಳು ಚಿಕ್ಕವು. ವಾಷಿಂಗ್ಟನ್ ಶ್ವೇತಭವನದಲ್ಲಿ ಒಂದು ದಿನವೂ ವಾಸಿಸಲಿಲ್ಲ; ಅಲ್ಲಿ ಮೊದಲು ಬಿಡಾರ ಹೂಡಿದವರು ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್, 1800ರ ನವೆಂಬರಿನಲ್ಲಿ. ಎರಡೇ ಅವಧಿ ಎಂಬ ಕಾನೂನನ್ನೂ ವಾಷಿಂಗ್ಟನ್ ಮಾಡಲಿಲ್ಲ. ಅವರು ತಾವಾಗಿ ನಿವೃತ್ತರಾದರು, ಸಂವಿಧಾನಕ್ಕೆ ಆ ಮಿತಿ ಸೇರಿದ್ದು 1951ರಲ್ಲಿ.

ಅವರ ಕಟ್ಟಿಸಿದ ಹಲ್ಲು ಮರದ್ದು ಎಂದು ಅಮೆರಿಕದ ಮಕ್ಕಳು ಇಂದಿಗೂ ನಂಬುತ್ತಾರೆ. 1789ರಲ್ಲಿ ಪ್ರಮಾಣವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದದ್ದು ಸ್ವಂತದ ಒಂದೇ ಹಲ್ಲು. ಹಲ್ಲಿನ ಸೆಟ್‌ಗಳಿಗೆ ಬಳಸಿದ್ದು ನೀರಾನೆಯ ದಂತ, ಸೀಸ, ಪ್ರಾಣಿಗಳ ಹಲ್ಲು, ಮನುಷ್ಯರ ಹಲ್ಲು. 1784ರ ಮೇ ತಿಂಗಳಲ್ಲಿ ದಂತವೈದ್ಯರೊಬ್ಬರ ಬಾಬ್ತು ಕರಿಯರಿಂದ ಒಂಬತ್ತು ಹಲ್ಲುಗಳನ್ನು ಕೊಂಡದ್ದು ಅವರ ಲೆಕ್ಕದ ಪುಸ್ತಕದಲ್ಲೇ ಇದೆ. ಮರದ ಹಲ್ಲಿನ ಕಥೆ ಕೇಳಿ ನಗಬಹುದು, ಈ ಲೆಕ್ಕ ಓದಿದರೆ ನಗು ಬರುವುದಿಲ್ಲ.

ತಮ್ಮ ಗುಲಾಮರನ್ನೆಲ್ಲ ವಾಷಿಂಗ್ಟನ್ ಬಿಡುಗಡೆ ಮಾಡಿದರು ಎಂಬ ನಂಬಿಕೆ ಅರ್ಧ ನಿಜ, ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕು. ಅಧ್ಯಕ್ಷರ ಮನೆ ಫಿಲಡೆಲ್ಫಿಯಾದಲ್ಲಿದ್ದಾಗ, ಆ ರಾಜ್ಯದ ಕಾನೂನಿನಂತೆ ಅಲ್ಲಿ ಆರು ತಿಂಗಳು ಇದ್ದ ಗುಲಾಮರು ಸ್ವಾತಂತ್ರ್ಯ ಕೇಳಬಹುದಿತ್ತು. ಗಡುವು ಮುಗಿಯುವ ಮೊದಲು ಏನಾದರೂ ನೆಪ ಹೇಳಿ ಅವರನ್ನು ಹೊರಗೆ ಕಳಿಸಬೇಕು, ಅವರಿಗೂ ಜನಕ್ಕೂ ನಿಜ ಕಾರಣ ಗೊತ್ತಾಗಬಾರದು ಎಂದು 1791ರಲ್ಲಿ ತಮ್ಮ ಕಾರ್ಯದರ್ಶಿಗೆ ಪತ್ರ ಬರೆದದ್ದು ಸುಳ್ಳಾಡದವರೆಂದು ಹೆಸರಾದ ಇದೇ ವಾಷಿಂಗ್ಟನ್. 1796ರಲ್ಲಿ ಅದೇ ಮನೆಯಿಂದ ತಪ್ಪಿಸಿಕೊಂಡ ಓನಾ ಜಡ್ಜ್ ಎಂಬ ಯುವತಿಯನ್ನು ಹಿಡಿದು ತರಿಸಲು ಅವರು ಸರ್ಕಾರಿ ಅಧಿಕಾರಿಗಳನ್ನೇ ಬಳಸಿದರು.

ಆದರೂ 1799ರಲ್ಲಿ ಬರೆದ ಉಯಿಲು ಸಣ್ಣ ಸಂಗತಿಯಲ್ಲ. ಅವರ ತೋಟವಾದ ಮೌಂಟ್ ವರ್ನನ್‌ನಲ್ಲಿ ಆಗ 317 ಮಂದಿ ಗುಲಾಮರಿದ್ದರು. ಅವರಲ್ಲಿ ತಮಗೆ ಸೇರಿದ 123 ಮಂದಿಗೆ ಹೆಂಡತಿ ಮಾರ್ಥಾಳ ಕಾಲಾನಂತರ ಬಿಡುಗಡೆ, ಮುದುಕರಿಗೆ ಜೀವನಾಂಶ, ದಿಕ್ಕಿಲ್ಲದ ಮಕ್ಕಳಿಗೆ ಓದು ಮತ್ತು ಕಸುಬು ಎಂದು ಬರೆದರು. ಮಾರ್ಥಾ ತನ್ನ ಜೀವಿತದಲ್ಲೇ, 1801ರ ಜನವರಿ 1ರಂದು, ಅವರನ್ನು ಬಿಟ್ಟುಕೊಟ್ಟಳು. ಉಳಿದವರಲ್ಲಿ ಬಹುಪಾಲು ಅವಳ ಮೊದಲ ಗಂಡ ಕಸ್ಟಿಸ್‌ನ ಆಸ್ತಿ. ಅವರನ್ನು ಬಿಡಿಸುವ ಹಕ್ಕು ದಂಪತಿಗಳಿಬ್ಬರಿಗೂ ಇರಲಿಲ್ಲ. 1802ರಲ್ಲಿ ಮಾರ್ಥಾ ಸತ್ತ ಮೇಲೆ ಆ ಜನರನ್ನು ಮೊಮ್ಮಕ್ಕಳು ಹಂಚಿಕೊಂಡರು. ಬಿಡುಗಡೆಯಾದವರೂ ಹಂಚಿಹೋದವರೂ ಒಂದೇ ತೋಟದಲ್ಲಿ ಬೆರೆತು ಮದುವೆಯಾಗಿದ್ದವರು. ಹೀಗಾಗಿ ಎಷ್ಟೋ ಮನೆಗಳಲ್ಲಿ ಗಂಡ ಸ್ವತಂತ್ರನಾದ, ಹೆಂಡತಿ ಮಕ್ಕಳು ಗುಲಾಮರಾಗಿಯೇ ಉಳಿದರು.