ಬ್ಯಾಟರಿಯ ತಂತಿಯೂ ಅದರ ತುದಿಯ ಲಗ್ಗೂ

ಶರಾವತಿಯ ನೀರಿನಿಂದ ಜೋಗದಲ್ಲಿ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾರ್ಯವು 1948ರಲ್ಲಿ ಮೊದಲಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ಸೀಮೆಯ ಅನೇಕ ಗ್ರಾಮಗಳು ನೀರಿನ ಪಾಲಾದುವು. ವಾರಾಹಿಯನ್ನು ತಡೆದಿರುವ ಮಾಣಿ ಅಣೆಕಟ್ಟೂ ಹೊಸನಗರ ತಾಲ್ಲೂಕಿನದೇ. ನಾಡಿಗೆ ಬೆಳಕನ್ನೀಯಲು ಇಷ್ಟನ್ನು ತೆತ್ತ ಈ ಸೀಮೆಯಲ್ಲಿಯೇ ಮಳೆಗಾಲದ ರಾತ್ರಿಗಳಲ್ಲಿ ದೀಪಗಳು ಆರಿಹೋಗುವುದುಂಟು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು. ಅಂತಹ ಗಾಳಿಮಳೆಯಲ್ಲಿ ಕಾಡಿನ ನಡುವೆ ಎಳೆದ ತಂತಿಯ ಮೇಲೆ ಮರವೊಂದು ಉರುಳಿತೆಂದರೆ, ಅದನ್ನು ಕಡಿದು ತೆಗೆದು ತಂತಿಯನ್ನು ಮತ್ತೆ ಬಿಗಿಯುವವರೆಗೆ ಊರಿಗೆ ಊರೇ ಕತ್ತಲೆಯಲ್ಲಿರಬೇಕು.

ಆದುದರಿಂದ ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಈಗ ಬ್ಯಾಟರಿಯೂ ಇನ್‌ವರ್ಟರೂ ಗೃಹೋಪಕರಣಗಳೇ ಆಗಿವೆ. ಗೃಹಸ್ಥರು ಇವನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸುವರು, ಎಷ್ಟು ವರ್ಷ ಬಾಳುವುದೆಂದು ಕೇಳುವರು. ಎರಡನ್ನೂ ಕೂಡಿಸುವ ದಪ್ಪ ತಂತಿಯ ತುದಿಯನ್ನು ನೋಡುವವರು ಮಾತ್ರ ವಿರಳ. ಆ ತುದಿಯ ವಿಷಯವನ್ನೇ ನಾವು ಇಲ್ಲಿ ಹೇಳಬಯಸುವೆವು.

ತಂತಿಯ ತುದಿಗೆ ತೊಡಿಸುವ ತಾಮ್ರದ ಸಣ್ಣ ತುಂಡಿಗೆ ಲಗ್ ಎಂದು ಹೆಸರು. ಅದರ ಒಂದು ಕಡೆ ಕೊಳವೆ, ಇನ್ನೊಂದು ಕಡೆ ಬೋಲ್ಟು ಹೋಗಲು ತೂತುಳ್ಳ ಚಪ್ಪಟೆ ಭಾಗ. ಕಿಲುಬು ಹಿಡಿಯದಿರಲೆಂದು ಮೇಲೆ ತವರದ ಲೇಪವಿರುವುದು. ಕೊಳವೆಯೊಳಗೆ ತಂತಿಯನ್ನು ತೂರಿಸಿ ಬಲವಾಗಿ ಒತ್ತಿ ಕೂಡಿಸುವ ಕೆಲಸವೇ ಕ್ರಿಂಪಿಂಗ್.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೇಕೆ ಮಹತ್ವವೆಂದು ವಾಚಕರು ಕೇಳಬಹುದು. 800 ವಾಟಿನ ಕೆಲಸಕ್ಕೆ ಗೋಡೆಯೊಳಗಿನ 230 ವೋಲ್ಟಿನ ತಂತಿಯಲ್ಲಿ ಮೂರೂವರೆ ಆಂಪಿಯರ್ ಹರಿದರೆ ಸಾಕು. ಅದೇ ಕೆಲಸವನ್ನು 12 ವೋಲ್ಟಿನ ಬ್ಯಾಟರಿಯಿಂದ ಪಡೆಯಬೇಕಾದರೆ, ಇನ್‌ವರ್ಟರಿನಲ್ಲಿ ಆಗುವ ನಷ್ಟವೂ ಸೇರಿ ಸುಮಾರು 80 ಆಂಪಿಯರ್ ಹರಿಯಬೇಕು. ಕೂಡಿಕೆಯು ಸಡಿಲವಾಗಿ ಅಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ತಡೆಯುಂಟಾಯಿತೆನ್ನೋಣ. ಗೋಡೆಯ ತಂತಿಯಲ್ಲಾದರೆ ಅದರಿಂದ ಹುಟ್ಟುವ ಶಾಖವು ಒಂದು ವಾಟಿನ ಎಂಟನೆಯ ಒಂದು ಪಾಲು ಮಾತ್ರ. ಬ್ಯಾಟರಿಯ ತಂತಿಯಲ್ಲಿ ಅದು 64 ವಾಟು! ಬೆರಳಿನಷ್ಟು ಜಾಗದಲ್ಲಿ ಇಷ್ಟು ಶಾಖ ಹುಟ್ಟಿದರೆ ಹೊದಿಕೆಯು ಕರಗುವುದರಲ್ಲಿ ಆಶ್ಚರ್ಯವೇನು? ಕಾದ ಲೋಹವು ಮತ್ತಷ್ಟು ಕಪ್ಪಾಗುವುದು, ಕೂಡಿಕೆ ಮತ್ತಷ್ಟು ಸಡಿಲವಾಗುವುದು, ಶಾಖ ಮತ್ತಷ್ಟು ಹೆಚ್ಚುವುದು. ಮರದ ತೊಲೆ ಜಂತೆಗಳ ಮನೆಯಲ್ಲಿ, ಅಟ್ಟದ ಮೇಲೆ ಒಣ ಅಡಿಕೆಯ ಚೀಲಗಳಿರುವಲ್ಲಿ, ಇದರ ಪರಿಣಾಮವೇನಾಗಬಹುದೆಂಬುದನ್ನು ವಿವರಿಸಬೇಕಾದುದಿಲ್ಲ.

ಬೆಂಕಿಯವರೆಗೆ ಹೋಗದಿದ್ದರೂ ನಷ್ಟವು ತಪ್ಪದು. ಅದೇ ಕೂಡಿಕೆಯಲ್ಲಿ ಮುಕ್ಕಾಲು ವೋಲ್ಟಿಗೂ ಮಿಕ್ಕಿ ಸೋರಿಹೋಗುವುದರಿಂದ, ಬ್ಯಾಟರಿಯಲ್ಲಿ ಶಕ್ತಿಯಿದ್ದರೂ ಅದು ಬರಿದಾಯಿತೆಂದು ತಿಳಿದು ಇನ್‌ವರ್ಟರು ಬೇಗನೆ ನಿಂತುಬಿಡುವುದು. ಯಜಮಾನನು ಬ್ಯಾಟರಿ ಹಳೆಯದಾಯಿತೆಂದು ಹೊಸದನ್ನು ತರುವನು. ತಂತಿ ಮಾತ್ರ ಅದೇ! ಅಬ್ಬಿಯ ನೀರನ್ನು ಅಡಿಕೆ ದಬ್ಬೆಗಳಲ್ಲಿ ಅಂಗಳಕ್ಕೆ ತರುವವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ದಬ್ಬೆಗೆ ದಬ್ಬೆ ಕೂಡುವೆಡೆಯಲ್ಲಿ ಸೋರಿದರೆ ಅಬ್ಬಿಯನ್ನು ದೂರಿ ಫಲವಿಲ್ಲ.

ಸರಿಯಾದ ಕ್ರಮವು ಹೀಗೆ. ತಂತಿಯ ದಪ್ಪವನ್ನು ಚದರ ಮಿಲಿಮೀಟರುಗಳಲ್ಲಿ ಅಳೆಯುವರು. 16, 25, 35 ಎಂಬ ಅಳತೆಗಳುಂಟು. 25ರ ತಂತಿಗೆ 25ರ ಲಗ್ಗೇ ಆಗಬೇಕು. ಕೊಳವೆಯ ಆಳದಷ್ಟೇ ಹೊದಿಕೆಯನ್ನು ಸುಲಿಯಬೇಕು. ಒಳಗಿನ ಎಳೆಗಳು ತುಂಡಾಗಬಾರದು. ಲಗ್ ಚಿಕ್ಕದಾಯಿತೆಂದು ಕೆಲವು ಎಳೆಗಳನ್ನು ಕತ್ತರಿಸುವುದು ಸರ್ವಥಾ ಕೂಡದು. ಎಲ್ಲ ಎಳೆಗಳೂ ಕೊಳವೆಯ ಕೊನೆ ಮುಟ್ಟಿದ ಮೇಲೆ, ಆ ಅಳತೆಯ ಅಚ್ಚನ್ನು ಹಾಕಿದ ಕ್ರಿಂಪಿಂಗ್ ಟೂಲಿನಿಂದ ಒತ್ತತಕ್ಕದ್ದು. ಉದ್ದ ಹಿಡಿಯ ಟೂಲೂ ಉಂಟು, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಟೂಲೂ ಉಂಟು. ಹೀಗೆ ಒತ್ತಿದಾಗ ಎಳೆಗಳೂ ಕೊಳವೆಯೂ ಗಾಳಿ ನುಗ್ಗದಂತೆ ಒಂದಕ್ಕೊಂದು ಅಂಟಿಕೊಳ್ಳುವುವು.

ಟೂಲಿಲ್ಲವೆಂದು ಸುತ್ತಿಗೆಯಿಂದ ಬಡಿದು ಕೂಡಿಸುವುದುಂಟು. ಆಗ ಲಗ್ ಹೊರಗೆ ಚಪ್ಪಟೆಯಾದರೂ ಒಳಗೆ ಸಂದುಗಳು ಉಳಿಯುವುವು. ಮಲೆನಾಡಿನ ಮಳೆಗಾಲದ ತೇವವು ಆ ಸಂದುಗಳನ್ನು ಹೊಕ್ಕು ಹಸುರು ಕಿಲುಬನ್ನು ಬೆಳೆಸುವುದು. ಬೆಸುಗೆಯೊಂದನ್ನೇ ನಂಬುವುದೂ ಒಳ್ಳೆಯದಲ್ಲ: ಸಾಮಾನ್ಯ ಬೆಸುಗೆಯ ತವರ ಸೀಸಗಳ ಮಿಶ್ರಣವು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗತೊಡಗುವುದು. ಅಲ್ಲದೆ ಅದು ಎಳೆಗಳೊಳಗೆ ಹರಿದು ತಂತಿಯನ್ನು ಪೆಡಸು ಮಾಡುವುದರಿಂದ ಅಲುಗಾಟಕ್ಕೆ ಅಲ್ಲಿಯೇ ಮುರಿಯುವ ಭಯವುಂಟು. ಒತ್ತಿದ ಲಗ್ಗಿನ ಕುತ್ತಿಗೆಗೆ, ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ತೋಳನ್ನು ಹಾಕಿಸಿದರೆ ತೇವಕ್ಕೆ ಒಳ್ಳೆಯ ತಡೆ.

ಜೋಡಿಸುವಾಗ ಲಗ್ ಬ್ಯಾಟರಿಯ ಕಂಬಕ್ಕೆ ನೇರವಾಗಿ ತಾಗಿರಬೇಕು. ವಾಷರು ಅದರ ಮೇಲಿರಬೇಕೇ ಹೊರತು ನಡುವೆಯಲ್ಲ. ಬಿಗಿದ ಮೇಲೆ ವ್ಯಾಸಲೀನನ್ನು ಸವರುವುದು ಹಿತ. ಧನ ತಂತಿಯಲ್ಲಿ ಬ್ಯಾಟರಿಗೆ ಸಮೀಪವಾಗಿ ಫ್ಯೂಸ್ ಇರತಕ್ಕದ್ದು.

ಈ ಕೆಲಸವನ್ನು ಬಲ್ಲವರಿಂದ ಮಾಡಿಸಬಹುದು, ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಅರ್ಧ ಗಂಟೆ ದೀಪ ಫ್ಯಾನುಗಳನ್ನು ಬ್ಯಾಟರಿಯಿಂದ ನಡೆಸಿ, ಬಳಿಕ ಇನ್‌ವರ್ಟರನ್ನೂ ಅದಕ್ಕೆ ಬರುವ ಕರೆಂಟನ್ನೂ ನಿಲ್ಲಿಸಿ, ಲಗ್ಗುಗಳ ಹತ್ತಿರ ಬೆರಳ ಹಿಂಬದಿಯನ್ನು ಹಿಡಿದು ನೋಡಿರಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ದೋಷವು ಅಲ್ಲಿಯೇ ಇದೆ. ಹೊದಿಕೆಯು ಕಂದಿದ್ದರೂ, ಹಸುರು ಪುಡಿ ಕಂಡರೂ, ತಂತಿಯನ್ನು ಮೆಲ್ಲನೆ ಎಳೆದಾಗ ಲಗ್ಗಿನಲ್ಲಿ ಅಲುಗಿದರೂ ಹೊಸ ಲಗ್ ಹಾಕಿಸಬೇಕು. ಬಿಚ್ಚುವಾಗ ಋಣ ತಂತಿಯನ್ನು ಮೊದಲು ಬಿಚ್ಚತಕ್ಕದ್ದು, ಕೂಡಿಸುವಾಗ ಅದನ್ನು ಕೊನೆಗೆ. ಉಂಗುರ ಬಳೆಗಳನ್ನು ತೆಗೆದಿಡಬೇಕು; ಏಕೆಂದರೆ ಎರಡು ಕಂಬಗಳ ನಡುವೆ ಲೋಹ ತಗಲಿದರೆ ಕ್ಷಣದಲ್ಲಿ ಕೆಂಡವಾಗುವುದು. ಚಾರ್ಜಾಗುವಾಗ ಸೀಸದ ಬ್ಯಾಟರಿಯಿಂದ ಉರಿಯುವ ಜಲಜನಕವು ಹೊರಡುವುದಾದುದರಿಂದ ಆ ಕೋಣೆಗೆ ಗಾಳಿಯಿರಲಿ, ದೀಪದ ಕುಡಿ ದೂರವಿರಲಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ಅಡಿಕೆಯ ನಾಡಿನವರಿಗೆ ನಾವು ಕಲಿಸಬೇಕಾಗಿಲ್ಲ. ಮೃಗಶಿರ ಮಳೆ ಹಿಡಿಯುವ ಮುನ್ನ ಸೌದೆಯನ್ನು ಒಟ್ಟಿ, ಹೆಂಚನ್ನು ಸರಿಪಡಿಸಿ, ಸೋಗೆಯ ತಟ್ಟಿಯನ್ನು ಕಟ್ಟುವ ಗೃಹಸ್ಥರು, ಅದೇ ವಾರದಲ್ಲಿ ಬ್ಯಾಟರಿಯ ಬಳಿಗೂ ಒಮ್ಮೆ ಹೋಗಿ ನಾಲ್ಕು ಲಗ್ಗುಗಳನ್ನು ಪರೀಕ್ಷಿಸಿದರೆ ಸಾಕು. ಮಳೆಗಾಲದ ಕತ್ತಲೆಯಲ್ಲಿ ಮಕ್ಕಳ ಓದೂ ವೃದ್ಧರ ನಡೆದಾಟವೂ ನಿರ್ಭಯವಾಗಿ ಸಾಗುವುವು.