ಹಳೇ ಜೀಪು ಕೊಳ್ಳುವ ಮುನ್ನ ಅಡಿಗೆ ಹೋಗಿ ನೋಡಿ

ಗೊಬ್ಬರ ಹೇರುವುದಕ್ಕೂ ಆಗಬೇಕು, ಮನೆಮಂದಿ ಕೂತು ಮದುವೆಗೆ ಹೋಗುವುದಕ್ಕೂ ಆಗಬೇಕು. ಸಣ್ಣ ಕೃಷಿಕನ ಕೈಗೆ ಹೊಸ ಗಾಡಿ ಎಟುಕುವುದಿಲ್ಲ. ಹಾಗಾಗಿ ನಮ್ಮ ಕಡೆ ಏಳೆಂಟು ಜನ ಕೂರುವ ಸೆಕೆಂಡ್‌ಹ್ಯಾಂಡ್ ಡೀಸೆಲ್ ಜೀಪುಗಳಿಗೆ ಬೇಡಿಕೆ ಇಳಿದದ್ದೇ ಇಲ್ಲ. (ಶೋರೂಮಿನವರು ಎಸ್‌ಯುವಿ ಅನ್ನುತ್ತಾರೆ. ಚಾಸಿಸ್ ಮೇಲೆ ಬಾಡಿ ಕೂರಿಸಿದ್ದೆಲ್ಲ ನಮಗೆ ಜೀಪೇ.) ಅಗ್ಗಕ್ಕೆ ಸಿಗುವುದು 12ರಿಂದ 15 ವರ್ಷ ಓಡಿದ್ದು. ತೊಡಕು ಇರುವುದೂ ಅಲ್ಲೇ.

ಖಾಸಗಿ ಗಾಡಿಯ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕಾಗಿ ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು. ಹಳದಿ ಬೋರ್ಡಿನ ಗಾಡಿಗಾದರೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ ಉಂಟು. ಬಿಳಿ ಬೋರ್ಡಿನದ್ದನ್ನು ಸರಕಾರದ ಪರವಾಗಿ 15 ವರ್ಷ ಯಾರೂ ಬಗ್ಗಿ ನೋಡುವುದಿಲ್ಲ. ಎಮಿಶನ್ ಟೆಸ್ಟಿನವರು ನೋಡುವುದು ಹೊಗೆಯನ್ನು ಮಾತ್ರ. ಹಾಗಾಗಿ 14 ವರ್ಷದ ಜೀಪು ಕೊಂಡವನು, ಹಿಂದಿನವರು ಕೂಡಿಟ್ಟ ರಿಪೇರಿಯನ್ನೂ ಸೇರಿಸಿಯೇ ಕೊಂಡಂತೆ.

ಕಳೆದ ಎರಡು ವರ್ಷದಲ್ಲಿ ನನ್ನದೂ ಸೇರಿ ಐದು ಜೀಪುಗಳ ಜೊತೆ ಇನ್‌ಸ್ಪೆಕ್ಷನ್ನಿಗೆ ಹೋಗಿದ್ದೇನೆ. ಎರಡು ಮೊದಲ ಸಲವೇ ಪಾಸು. ಒಂದನ್ನು ಬ್ರೇಕು ಮತ್ತು ಹ್ಯಾಂಡ್‌ಬ್ರೇಕಿಗಾಗಿ ವಾಪಸು ಕಳಿಸಿದರು, ಇನ್ನೊಂದನ್ನು ಸವೆದ ಟಯರು, ಉರಿಯದ ಇಂಡಿಕೇಟರಿಗಾಗಿ. ಐದನೆಯದರ ಚಾಸಿಸ್ ನಂಬರ್ ತುಕ್ಕಿನಲ್ಲಿ ಮುಚ್ಚಿಹೋಗಿ ಪೆನ್ಸಿಲ್ ಪ್ರಿಂಟೇ ಬರಲಿಲ್ಲ. ಎಂಜಿನ್ ಸರಿ ಇಲ್ಲವೆಂದು ಒಂದೂ ವಾಪಸು ಬರಲಿಲ್ಲ! ನಾವು ಕೊಳ್ಳುವಾಗ ಕಿವಿಗೊಟ್ಟು ಕೇಳುವುದು ಮಾತ್ರ ಎಂಜಿನ್ನಿನ ಸದ್ದನ್ನೇ.

ನಮ್ಮ ಮೆಕ್ಯಾನಿಕ್ ಹೇಳುವುದಿಷ್ಟು: "ಮಾರಾಯ್ರೇ, ಮೇಲೆ ನೋಡಿ ಎಂತ ಮಾಡ್ತೀರಿ? ಅಡಿಗೆ ಹೋಗಿ ನೋಡಿ."

ಅಡಿಗೆ ಹೋಗುವ ಮುಂಚೆ ಒಂದು ಮಾತು. ಬರೀ ಜಾಕಿ ನಂಬಿ ಗಾಡಿಯಡಿ ನುಗ್ಗಬೇಡಿ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಸಿಗೆ ಗಟ್ಟಿ ಮರದ ದಿಮ್ಮಿ ಆನಿಸಿಯೇ ಮಲಗಬೇಕು.

ತುಕ್ಕು

ಕರಾವಳಿ, ಮಲೆನಾಡಿನ ಜೀಪಿಗೆ ಮೊದಲ ಶತ್ರು ಇದು. ಮಳೆ, ಉಪ್ಪುಗಾಳಿ ಒಂದು ಕಡೆ. ನಮ್ಮ ಕೃಷಿಕರದ್ದೇ ಕೊಡುಗೆ ಇನ್ನೊಂದು ಕಡೆ. ಮೈಲುತುತ್ತಿನ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು, ಪಾತ್ರೆಯನ್ನೇ ತಿನ್ನುತ್ತದೆ ಎಂದು ಅಡಿಕೆ ಬೆಳೆಯುವ ಎಲ್ಲರಿಗೂ ಗೊತ್ತು. ಅದೇ ದ್ರಾವಣದ ಡ್ರಮ್ಮನ್ನು ಜೀಪಿನ ಹಿಂದೆ ಇಟ್ಟು, ತುಳುಕಿದ್ದನ್ನು ತೊಳೆಯದೆ ಬಿಡುತ್ತೇವೆ. ಪೊಟ್ಯಾಶ್ ಚೀಲದಿಂದ ಉದುರಿದ್ದೂ ಮ್ಯಾಟಿನ ಅಡಿ ಸೇರಿ ನೀರೆಳೆದುಕೊಂಡು ಕೂತಿರುತ್ತದೆ. ಆದ್ದರಿಂದ ಹಿಂದಿನ ಮ್ಯಾಟ್ ಎತ್ತಿಯೇ ನೋಡಿ.

ಚಾಸಿಸನ್ನು ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ತಿಂದುಹೋದಲ್ಲಿ ಸದ್ದು ಸಾಯುತ್ತದೆ. ಹಿಂದಿನ ಪ್ಲೇಟ್‌ಸೆಟ್ ಕೂರುವ ಬ್ರಾಕೆಟ್, ಅಡ್ಡಪಟ್ಟಿಗಳ ಸಂದು, ಬಾಡಿ ಬೋಲ್ಟಿನ ಸುತ್ತ – ಕೆಸರು ನಿಲ್ಲುವ ಈ ಜಾಗಗಳೇ ಮೊದಲು ಹೋಗುವುದು. ಹಳೇ ಗಾಡಿಯ ಅಡಿಗೆ ಹೊಸ ಕಪ್ಪು ಪೈಂಟ್ ಮಿರಿಮಿರಿ ಮಿಂಚಿದರೆ ಸಂತೋಷ ಪಡಬೇಡಿ, ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬಾಡಿಗೆ ಮ್ಯಾಗ್ನೆಟ್ ಹಿಡಿದರೆ ಪಟ್ಟಿ ಬಳಿದಲ್ಲಿ ಅಂಟುವುದಿಲ್ಲ. ಬಾಡಿಯ ತೂತನ್ನು ಮುಚ್ಚಿಸಬಹುದು. ಚಾಸಿಸ್ ತೂತಾದ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಚಾಸಿಸ್ ನಂಬರನ್ನು ಕೊಳ್ಳುವ ದಿನವೇ ಹುಡುಕಿ, ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಓದಲಾಗದ ನಂಬರ್ ಮುಂದೆ ಓಡಾಟಕ್ಕೆ ದಾರಿ.

ಬ್ರೇಕು, ಸ್ಟೇರಿಂಗ್

ಸುಮ್ಮನೆ ಇನ್‌ಸ್ಪೆಕ್ಟರಿಗೆ ನಮ್ಮವರು 'ಬ್ರೇಕ್ ಇನ್‌ಸ್ಪೆಕ್ಟರ್' ಎಂದು ಹೆಸರಿಟ್ಟದ್ದಲ್ಲ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಮೆಲ್ಲ ಕೆಳಗಿಳಿದರೆ ಎಲ್ಲೋ ಸೋರಿಕೆ ಉಂಟು. ಚಕ್ರಗಳ ಒಳಮೈ ಒದ್ದೆಯೇ ನೋಡಿ. ಹಿಂದಿನ ಆಕ್ಸಲ್ ಸೀಲ್ ಹೋದರೆ ಎಣ್ಣೆ ಡ್ರಮ್ಮಿನೊಳಗೆ ಇಳಿದು ಲೈನರ್ ಜಾರುತ್ತದೆ, ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಕಬ್ಬಿಣದ ಬ್ರೇಕ್ ಪೈಪನ್ನು ಬಟ್ಟೆಯಿಂದ ಒರೆಸಿ ನೋಡಿ. ಮೇಲಿನ ತುಕ್ಕು ಪರವಾಗಿಲ್ಲ, ಹೊಂಡ ಬಿದ್ದಿದ್ದರೆ ಬದಲಿಸಲೇಬೇಕು. ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಘಾಟಿ ಇಳಿಯುವಾಗ ಬಿಸಿಗೆ ಕುದಿದು ಪೆಡಲ್ ಟೊಳ್ಳಾಗುತ್ತದೆ. ಹಿಂದೆ ಮಕ್ಕಳು ಕೂತಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ದೊಡ್ಡದಲ್ಲ.

ಹ್ಯಾಂಡ್‌ಬ್ರೇಕನ್ನು ಏರಿನಲ್ಲೇ ಪರೀಕ್ಷಿಸಿ. ತೋಟದ ಜೀಪುಗಳಲ್ಲಿ ಗೇರಿಗೆ ಹಾಕಿ ಕಲ್ಲು ಕೊಟ್ಟು ನಿಲ್ಲಿಸುವುದೇ ರೂಢಿ, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಸೆಟೆದಿರುತ್ತದೆ.

ಸ್ಟೇರಿಂಗ್ ಆಟ 30 ಡಿಗ್ರಿ ಮೀರಬಾರದೆಂದು ನಿಯಮ. ಗಡಿಯಾರದ ಒಂದು ಗಂಟೆಯ ಅಂತರ. ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ-ಬಲ ಹಿಡಿದಾಗ ಆಡಿದರೆ ಟೈರಾಡ್ ಎಂಡ್. ನಮ್ಮ ಮಣ್ಣು ರಸ್ತೆಯಲ್ಲಿ ಇವು ಸವೆಯುವುದು ಸಹಜ. ಬೆಲೆ ಇಳಿಸಲು ಕಾರಣವಾದೀತು, ಗಾಡಿ ಬಿಡಲು ಅಲ್ಲ.

ಉಳಿದದ್ದು

ಟಯರಿನ ತೋಡು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ತೋಡು ಚೆನ್ನಾಗಿದ್ದರೂ ಬದಿಯ ನಾಲ್ಕಂಕಿ ಓದಿ: 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಹಾರ್ನು, ಸೀಟ್‌ಬೆಲ್ಟು ಚಿಲ್ಲರೆ ಕೆಲಸಗಳು, ಹಿಂದಿನ ದಿನವೇ ಮಾಡಿಸಿ. ಮುಂದಿನ ಉಕ್ಕಿನ ಬಂಪರ್ ಗಾರ್ಡನ್ನು ಬಿಚ್ಚಿಡಿ, 2017ರಿಂದ ಅದಕ್ಕೆ ನಿಷೇಧ.

ಎಂಜಿನ್ನಿಗೆ ಒಂದೇ ಪರೀಕ್ಷೆ ಸಾಕು. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸುಬುಸು ಬಂದರೆ 'ಬ್ಯಾಕ್ ಕಂಪ್ರೆಷನ್', ರಿಂಗ್ ಕೆಲಸಕ್ಕೆ ಬಂದಿದೆ. ಬಿಎಸ್-4ಕ್ಕೆ ಮೊದಲಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಎಚ್‌ಎಸ್‌ಯು. ಏರ್ ಫಿಲ್ಟರ್ ಹೊಸದು ಹಾಕಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡು ಹೋದರೆ ಆರೋಗ್ಯದ ಎಂಜಿನ್ ಇದರೊಳಗೇ ನಿಲ್ಲುತ್ತದೆ.

ಲೆಕ್ಕ

ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ರೂ. ಆಗಿದೆ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು, ತಡವಾದರೆ ತಿಂಗಳಿಗೆ 500 ರೂ. ಹೆಚ್ಚುವರಿ. ಕಾಸರಗೋಡಿನ ಕೆಎಲ್-14 ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಅಲ್ಲಿಯ ಎನ್‌ಓಸಿ ತಂದು, ಇಲ್ಲಿಯ ತೆರಿಗೆ ಕಟ್ಟಿ, 12 ತಿಂಗಳೊಳಗೆ ನಂಬರ್ ಬದಲಿಸಬೇಕು. ಆ ಹಣವನ್ನೂ ಬೆಲೆಗೆ ಕೂಡಿಸಿ ನೋಡಿ.

ನನ್ನ ಕ್ರಮ ಇಷ್ಟೇ. ಆರ್‌ಸಿಯಲ್ಲಿ ಒಂದು ವರ್ಷವೂ ಉಳಿದಿಲ್ಲದಿದ್ದರೆ, 'ನವೀಕರಿಸಿ ಕೊಡಿ, ಅಷ್ಟು ಹೆಚ್ಚು ಕೊಡುತ್ತೇನೆ' ಎಂದು ಮಾರುವವರಿಗೆ ಹೇಳುವುದು. ಒಪ್ಪಿದರೆ ಒಳ್ಳೆಯದೇ. ಒಪ್ಪದಿದ್ದರೆ ಮೆಕ್ಯಾನಿಕ್ಕಿಗೆ ಅರ್ಧ ದಿನದ ಸಂಬಳ ಕೊಟ್ಟು ಅಡಿಗೆ ಇಳಿಸಿ, ಅವರು ಬರೆದುಕೊಟ್ಟ ರಿಪೇರಿ ಪಟ್ಟಿಯನ್ನು ಹಿಡಿದು ಚೌಕಾಸಿಗೆ ಕೂರುವುದು. ಪಾಸಾದ ಗಾಡಿಯಾದರೂ ಈ ನೋಟ ಬೇಕು. ಆರ್‌ಟಿಓ ಮೈದಾನದಲ್ಲಿ ಮ್ಯಾಟ್ ಎತ್ತಿ ನೋಡಿದ್ದನ್ನು ನಾನಂತೂ ಕಂಡಿಲ್ಲ.